ಎರಡು ಗ್ರಾಫಿಕ್ಸ್ ಇರುವ ಹಳೆ ಲ್ಯಾಪ್‌ಟಾಪಿಗೆ ಯಾವ ಡ್ರೈವರ್?

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮಂಜೇಶ್ವರ ಕಡೆಯ ಮನೆಗಳಲ್ಲಿ ಮಕ್ಕಳ ಐಟಿ ಪಾಠಕ್ಕೆ ಸಿಗುವುದು ಹೆಚ್ಚಾಗಿ ಮನೆಯ ಹಿರಿಯರು ಬಳಸಿ ಬಿಟ್ಟ, 2011ರಿಂದ 2015ರ ನಡುವಿನ ಲ್ಯಾಪ್‌ಟಾಪ್. ಕೀಬೋರ್ಡಿನ ಪಕ್ಕದಲ್ಲಿ ಎನ್ವಿಡಿಯಾ ಅಥವಾ ಎಎಂಡಿ ಸ್ಟಿಕ್ಕರ್ ಇರುತ್ತದೆ. ಅದನ್ನು ನೋಡಿ ಆ ಕಂಪೆನಿಯ ಅತಿ ಹೊಸ ಡ್ರೈವರನ್ನು ಇಳಿಸಿ ಹಾಕಿದಲ್ಲಿಂದ ತಾಪತ್ರಯ ಶುರುವಾಗುತ್ತದೆ: ಕಪ್ಪು ಪರದೆ, ಹಳದಿ ತ್ರಿಕೋನ, ಚಿಪ್ ಕೆಲಸ ಮಾಡುತ್ತಿಲ್ಲ ಎಂದು ವಿಂಡೋಸ್ ತೋರಿಸುವ ಕೋಡ್ 43.

ಇಂತಹ ಲ್ಯಾಪ್‌ಟಾಪಿನಲ್ಲಿ ಹೆಚ್ಚಾಗಿ ಪ್ರೊಸೆಸರಿನೊಳಗಿನ ಇಂಟೆಲ್ ಗ್ರಾಫಿಕ್ಸ್ ಜೊತೆ ಎನ್ವಿಡಿಯಾ ಅಥವಾ ಎಎಂಡಿಯ ಪ್ರತ್ಯೇಕ ಚಿಪ್ಪೂ ಇರುತ್ತದೆ. ಇವೆರಡನ್ನೂ ಒಟ್ಟಿಗೆ ದುಡಿಸಲು 2010ರಲ್ಲಿ ಬಂದ ಎನ್ವಿಡಿಯಾ ಆಪ್ಟಿಮಸ್ ಏರ್ಪಾಡಿನಲ್ಲಿ ಲ್ಯಾಪ್‌ಟಾಪಿನ ಪರದೆಯ ವಯರು ಸಾಮಾನ್ಯವಾಗಿ ಎನ್ವಿಡಿಯಾ ಚಿಪ್ಪಿಗೆ ಹೋಗುವುದೇ ಇಲ್ಲ, ಇಂಟೆಲ್‌ಗೆ ಹೋಗುತ್ತದೆ. ಎನ್ವಿಡಿಯಾ ಚಿತ್ರ ಬರೆದು ಇಂಟೆಲ್‌ನ ಮೆಮೊರಿಗೆ ಒಪ್ಪಿಸುತ್ತದೆ, ಪರದೆಗೆ ತೋರಿಸುವುದು ಇಂಟೆಲ್. ಆದ್ದರಿಂದ ಇಂಟೆಲ್ ಡ್ರೈವರ್ ಸರಿಯಿಲ್ಲದಿದ್ದರೆ ಎನ್ವಿಡಿಯಾದ್ದು ಎಷ್ಟು ಒಳ್ಳೆಯದಾದರೂ ಉಪಯೋಗವಿಲ್ಲ. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಡಿಸ್ಪ್ಲೇ ವಿಭಾಗವೇ ಕಾಣುತ್ತಿಲ್ಲ ಎಂದು ತುಂಬಾ ಜನ ಗಾಬರಿಯಾಗುತ್ತಾರೆ. ಆಪ್ಟಿಮಸ್‌ನಲ್ಲಿ ಅದು ಕಾಣದಿರುವುದೇ ಸರಿ.

ಮೊದಲು ಚಿಪ್ಪಿನ ನಿಜವಾದ ಗುರುತು ತಿಳಿಯಬೇಕು. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್ಪ್ಲೇ ಅಡಾಪ್ಟರ್ ತೆರೆದು, ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡಿ ನೋಡಿ. 'ವೆನ್' (VEN) ನಂತರ 8086 ಇದ್ದರೆ ಇಂಟೆಲ್, 10ಡಿಇ ಇದ್ದರೆ ಎನ್ವಿಡಿಯಾ, 1002 ಇದ್ದರೆ ಎಎಂಡಿ. 'ಡೆವ್' (DEV) ನಂತರದ ನಾಲ್ಕು ಅಕ್ಷರಗಳೇ ಚಿಪ್ಪಿನ ಜಾತಕ. ಡ್ರೈವರ್ ಇಲ್ಲದೆ 'ಬೇಸಿಕ್ ಡಿಸ್ಪ್ಲೇ' ಎಂದು ತೋರಿಸುವಾಗಲೂ ಈ ಐಡಿ ಸಿಗುತ್ತದೆ.

ಹೆಸರಿನಲ್ಲಿರುವ ಸಂಖ್ಯೆಯನ್ನು ಮಾತ್ರ ನಂಬಬೇಡಿ. ಜಿಫೋರ್ಸ್ 820ಎಂ ಎಂದರೆ ಜಿಟಿ 640ಎಂಗಿಂತ ಹೊಸದು ಅನ್ನಿಸುತ್ತದೆ. ಆದರೆ 820ಎಂ ಒಳಗಿರುವುದು ಹಳೆಯ ಫರ್ಮಿ ಪೀಳಿಗೆಯ ಚಿಪ್, ಅದಕ್ಕೆ ವಿಂಡೋಸ್‌ನಲ್ಲಿ ಹಾಕಬೇಕಾದದ್ದು 2018ರ 391.35 ಆವೃತ್ತಿ. 610ಎಂ, 710ಎಂಗಳ ಕಥೆಯೂ ಅದೇ. ಅದರ ನಂತರದ ಕೆಪ್ಲರ್ ಪೀಳಿಗೆಯ ಚಿಪ್ಪಿರುವ 920ಎಂಗೆ 2019ರ 425.31ರವರೆಗೆ ಹೋಗಬಹುದು. ಕೊನೆಯಲ್ಲಿ ಒಂದೇ ಒಂದು ಅಕ್ಷರ ಜಾಸ್ತಿ ಇರುವ 920ಎಂಎಕ್ಸ್ ಮಾತ್ರ ಇನ್ನೂ ಹೊಸ ಮ್ಯಾಕ್ಸ್‌ವೆಲ್ ಪೀಳಿಗೆಯದ್ದು, ಅದಕ್ಕೆ 580ರ ಸರಣಿಯವರೆಗೂ ಡ್ರೈವರ್ ಇದೆ. ಎಎಂಡಿಯಲ್ಲೂ ಹೀಗೆಯೇ: ಎಚ್‌ಡಿ 7670ಎಂ ಹಳೆಯ ಟೆರಾಸ್ಕೇಲ್ ಪೀಳಿಗೆಯದ್ದು, 2015ರ ಕ್ಯಾಟಲಿಸ್ಟ್ 15.7.1 ಅದಕ್ಕೆ ಸಾಕು. ಎಚ್‌ಡಿ 8670ಎಂ ನಂತರದ ಜಿಸಿಎನ್ ಪೀಳಿಗೆಯದ್ದು, ಅದಕ್ಕೆ ಇನ್ನೂ ಹೊಸ ಡ್ರೈವರ್ ಸಿಗುತ್ತದೆ.

ಆದರೂ ಮೊದಲು ಹಾಕಿ ನೋಡಬೇಕಾದದ್ದು ಲ್ಯಾಪ್‌ಟಾಪ್ ತಯಾರಿಸಿದ ಕಂಪೆನಿಯ ಸೈಟಿನಲ್ಲಿ ನಿಮ್ಮ ಮಾಡೆಲ್ ಹೆಸರಿನಡಿ ಇರುವ ಜೋಡಿ ಡ್ರೈವರ್. ಹಳೆಯದೆಂದು ಅದನ್ನು ತಳ್ಳಿಹಾಕಬೇಡಿ. ಇಂಟೆಲ್ ಜೊತೆ ಎಎಂಡಿ ಇರುವ ಲ್ಯಾಪ್‌ಟಾಪುಗಳಲ್ಲಂತೂ ಇದು ಇನ್ನೂ ಮುಖ್ಯ. ಎರಡೂ ಚಿಪ್ಪಿನ ಡ್ರೈವರ್ ಒಂದೇ ಕಟ್ಟಿನಲ್ಲಿ ಬಂದಿರುತ್ತದೆ, ಅದನ್ನು ಬಿಡಿಸಿ ಒಂದನ್ನು ಮಾತ್ರ ಹೊಸತು ಮಾಡಿದರೆ ಬೂಟ್ ಆಗುವಾಗಲೇ ಪರದೆ ಕಪ್ಪಾಗಬಹುದು.

ಹಾಕುವ ಕ್ರಮ ಹೀಗೆ. ಬೇಕಾದ ಫೈಲುಗಳನ್ನೆಲ್ಲ ಮೊದಲೇ ಇಳಿಸಿಕೊಂಡು ವೈಫೈ ಆಫ್ ಮಾಡಿ. ನೆಟ್ ಇದ್ದರೆ ನೀವು ಹಳೆಯದನ್ನು ತೆಗೆದ ಕೂಡಲೇ ವಿಂಡೋಸ್ ಅಪ್‌ಡೇಟ್ ತನ್ನದೊಂದನ್ನು ತಂದು ತುರುಕುತ್ತದೆ. ಸೇಫ್ ಮೋಡ್‌ಗೆ ಹೋಗಿ ಡಿಡಿಯು ಎಂಬ ಸಾಧನದಿಂದ ಎನ್ವಿಡಿಯಾ ಡ್ರೈವರನ್ನೂ ಆಮೇಲೆ ಇಂಟೆಲ್‌ನದ್ದನ್ನೂ ಪೂರ್ತಿ ತೆಗೆಯಿರಿ. ರೀಸ್ಟಾರ್ಟ್ ಆದ ಮೇಲೆ ಮೊದಲು ಚಿಪ್‌ಸೆಟ್, ನಂತರ ಇಂಟೆಲ್, ಮತ್ತೊಮ್ಮೆ ರೀಸ್ಟಾರ್ಟ್, ಕೊನೆಗೆ ಎನ್ವಿಡಿಯಾ. ಅದರಲ್ಲಿ ಕಸ್ಟಮ್ ಆರಿಸಿ, ಗ್ರಾಫಿಕ್ಸ್ ಡ್ರೈವರ್ ಮತ್ತು ಫಿಸಿಕ್ಸ್ (PhysX) ಎರಡನ್ನೇ ಇಟ್ಟುಕೊಳ್ಳಿ, ಉಳಿದದ್ದು ಬೇಡ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು. ಬ್ಯಾಟರಿ ಸತ್ತ ಲ್ಯಾಪ್‌ಟಾಪಾದರೆ ಇನ್ವರ್ಟರ್ ಇರುವ ಪ್ಲಗ್ಗಿನಲ್ಲೇ ಈ ಕೆಲಸ ಮಾಡಿ.

ನೆಟ್ ಮತ್ತೆ ಕೊಡುವ ಮೊದಲು ಡಿವೈಸ್ ಇನ್‌ಸ್ಟಲೇಶನ್ ಸೆಟ್ಟಿಂಗ್ಸ್‌ನಲ್ಲಿ 'ನೋ' ಆರಿಸಿ. ವಿಂಡೋಸ್ ಪ್ರೊ ಇದ್ದರೆ ಗ್ರೂಪ್ ಪಾಲಿಸಿಯಲ್ಲಿ, ಅಪ್‌ಡೇಟ್ ಜೊತೆ ಡ್ರೈವರ್ ಬರದಂತೆ ತಡೆಯುವ ಆಯ್ಕೆಯೇ ಇದೆ, ಅದು ಇನ್ನೂ ಗಟ್ಟಿ.

ಇಷ್ಟಾದರೂ ಕೋಡ್ 43 ಹೋಗದಿದ್ದರೆ ಎನ್ವಿಡಿಯಾವನ್ನು ಡಿಸೇಬಲ್ ಮಾಡಿ ಎರಡು ದಿನ ಬಳಸಿ ನೋಡಿ. ಇಂಟೆಲ್ ಒಂದರಲ್ಲೇ ಎಲ್ಲ ಸರಿಯಾಗಿ ನಡೆದರೆ ಚಿಪ್ಪೇ ಹೋಗಿರುವ ಸಾಧ್ಯತೆ ಹೆಚ್ಚು. ಬಿಸಿಗಾಳಿ ಹೊಡೆದು ಸರಿ ಮಾಡಿಸಲು ದುಡ್ಡು ಸುರಿಯಬೇಡಿ, ಆ ರಿಪೇರಿ ಬಾಳುವುದು ಅಪರೂಪ. ಇನ್ನು ಕೆಟ್ಟಿರದ ಚಿಪ್ಪಿನ ಡ್ರೈವರನ್ನು ಬ್ಯಾಟರಿ ಉಳಿಸಲೆಂದು ತೆಗೆಯುವವರಿದ್ದಾರೆ. ಇದು ತಿರುಗುಬಾಣ. ಚಿಪ್ಪನ್ನು ಮಲಗಿಸುವುದೇ ಡ್ರೈವರ್, ಅದಿಲ್ಲದಿದ್ದರೆ ಹಲವು ಲ್ಯಾಪ್‌ಟಾಪುಗಳಲ್ಲಿ ಚಿಪ್ ಎಚ್ಚರವಾಗಿಯೇ ಇದ್ದು ಕರೆಂಟು ಕುಡಿಯುತ್ತಾ ಕಾಯುತ್ತದೆ.

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಬಳಸುವುದು ಕೇರಳದ ಕೈಟ್ ಸಂಸ್ಥೆ ಕೊಡುವ, ವಿಂಡೋಸ್ ಬದಲಿಗೆ ಬಳಸುವ ಉಬುಂಟು ಆಧಾರಿತ ಲಿನಕ್ಸ್ ವ್ಯವಸ್ಥೆ. ಅದನ್ನೇ ಮನೆಯ ಲ್ಯಾಪ್‌ಟಾಪಿಗೆ ಹಾಕುವಾಗ ಆಪ್ಟಿಮಸ್ ಇನ್ನೊಂದು ತರ ಕಾಟ ಕೊಡುತ್ತದೆ. ಇನ್‌ಸ್ಟಾಲ್ ಮಾಡುವಾಗ ಪರದೆ ಸ್ತಬ್ಧವಾದರೆ ಬೂಟ್ ಸಾಲಿನಲ್ಲಿ 'ನೋಮೋಡ್‌ಸೆಟ್' (nomodeset) ಸೇರಿಸಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಸೇರಿಸಿ, ಆದರೆ ಅಲ್ಲೇ ಬಿಡಬೇಡಿ. ಆ ಪದ ಇಂಟೆಲ್ ಡ್ರೈವರನ್ನೂ ತಡೆಯುತ್ತದೆ. ಆಗ ರೆಸಲ್ಯೂಶನ್ ಸರಿ ಸಿಗುವುದಿಲ್ಲ, ಬ್ರೈಟ್‌ನೆಸ್ ಕೀ ಕೆಲಸ ಮಾಡುವುದಿಲ್ಲ, ಜಿಯೋಜೀಬ್ರಾದಲ್ಲಿ ಒಂದು ವೃತ್ತ ಎಳೆದರೂ ಪ್ರೊಸೆಸರ್ ಏದುಸಿರು ಬಿಡುತ್ತದೆ. ಇನ್‌ಸ್ಟಾಲ್ ಮುಗಿದ ಮೇಲೆ ಬೂಟ್ ಆಯ್ಕೆಗಳಿರುವ ಗ್ರಬ್ ಫೈಲಿನಿಂದ ಅದನ್ನು ಅಳಿಸಿ, ಬದಲಿಗೆ nouveau.runpm=0 ಎಂದು ಮಧ್ಯೆ ಜಾಗ ಬಿಡದೆ ಬರೆದು (ನೂವೋ ಎಂದರೆ ಎನ್ವಿಡಿಯಾ ಚಿಪ್ಪಿಗೆ ಲಿನಕ್ಸ್‌ನಲ್ಲೇ ಇರುವ ಮುಕ್ತ ಡ್ರೈವರ್) ಅಪ್‌ಡೇಟ್-ಗ್ರಬ್ ಕೊಡಿ. ಇದರಿಂದ ಚಿಪ್ ಮಲಗುವುದಿಲ್ಲ, ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ. ಆದರೆ ಮಲಗಿದ ಚಿಪ್ಪನ್ನು ಎಬ್ಬಿಸಲು ಹೋಗಿ ಸಿಸ್ಟಂ ನಿಂತುಬಿಡುವ ತೊಂದರೆ ಸಾಮಾನ್ಯವಾಗಿ ತಪ್ಪುತ್ತದೆ. ಅದಿಲ್ಲದೆಯೇ ಸರಿ ನಡೆದರೆ ಏನೂ ಸೇರಿಸಬೇಡಿ.

ಫರ್ಮಿ ಚಿಪ್ಪಿಗೆ ಲಿನಕ್ಸ್‌ನಲ್ಲಿ ಎನ್ವಿಡಿಯಾದ 390 ಸರಣಿ ಹುಡುಕಿಕೊಂಡು ಹೋಗುವುದು ಈಗ ವ್ಯರ್ಥ. 2022ರ ಕೊನೆಗೆ ಅದರ ಬೆಂಬಲ ನಿಂತಿದೆ, ಹೊಸ ಕರ್ನೆಲ್ ಬಂದಾಗ ಮುರಿಯುತ್ತದೆ. ನೂವೋದಲ್ಲಿ ಫರ್ಮಿ ಪೂರ್ತಿ ವೇಗಕ್ಕೆ ಏರುವುದೂ ಇಲ್ಲ. ಜಿಂಪ್, ಇಂಕ್‌ಸ್ಕೇಪ್, ಲಿಬ್ರೆಆಫೀಸ್‌ಗೆ ಇಂಟೆಲ್ ಎಚ್‌ಡಿ 3000 ಧಾರಾಳ ಸಾಕು. ಎಎಂಡಿ ಚಿಪ್ಪಾದರೆ ಡ್ರೈವರ್ ಕರ್ನೆಲ್‌ನಲ್ಲೇ ಇದೆ, ಬೇರೆ ಏನನ್ನೂ ಇಳಿಸುವ ಅಗತ್ಯವಿಲ್ಲ.