ಹಸಿರು ಬೂಷ್ಟು, ಎರಡು ಡಬ್ಬಿ ಸೊಳ್ಳೆ

ಜೂನ್ 11, ಧಾರವಾಡ
ಮೊದಲ ಮೂರು ಚೀಲವೂ ಹಾಳಾದವು. ಸೊಳ್ಳೆ ಮೇಲೆ ಪ್ರಯೋಗಿಸಿ ನೋಡೋಣವೆಂದು, ಕೃಷಿ ಅಂಗಡಿಯಿಂದ ತಂದ ಮೆಟಾರೈಜಿಯಂ (ಹುಳುಗಳನ್ನು ಕೊಲ್ಲುವ ಹಸಿರು ಬೂಷ್ಟು) ಪುಡಿಯನ್ನು ಬೇಯಿಸಿದ ಅಕ್ಕಿಗೆ ಬೆರೆಸಿ ಬೆಳೆಯಲು ಇಟ್ಟಿದ್ದೆ. ಕಬ್ಬಿನ ಗೊಣ್ಣೆ ಹುಳುವಿಗೆ ರೈತರು ಮಣ್ಣಿಗೆ ಹಾಕುವುದು ಇದನ್ನೇ. ನಾಲ್ಕನೇ ದಿನ ನೋಡಿದರೆ ಕಪ್ಪು ಬೂಷ್ಟು. ಅಕ್ಕಿ ಜಾಸ್ತಿ ಒದ್ದೆಯಾಗಿತ್ತು. ಚೀಲ ಬಿಚ್ಚದೆ ಹಾಗೇ ಕುಕ್ಕರಿಗೆ ಹಾಕಿ ಕುದಿಸಿ, ಆಮೇಲೆ ಬಿಸಾಡಿದೆ.

ಜೂನ್ 30
ಈ ಸಲ ಅಕ್ಕಿ ಉದುರುದುರಾಗಿತ್ತು, ಕುಕ್ಕರಿನಲ್ಲೂ ಹೆಚ್ಚು ಹೊತ್ತು ಇಟ್ಟೆ. ಮೊದಲು ಬಿಳಿ ಎಳೆ ಬಂತು, ಎರಡನೇ ವಾರ ಪೂರ್ತಿ ಹಸಿರಾಯಿತು. ಮಳೆ ಹಿಡಿದು ತಂಪಾಗಿದ್ದೂ ಒಳ್ಳೆಯದಾಯಿತು. ಮೇ ತಿಂಗಳ ಬಿಸಿಲಿಗೆ ಇದು ಬೆಳೆಯುತ್ತಿರಲಿಲ್ಲ.

ಹಾವೇರಿ ಕಡೆಯ ಕಾಕಾ ಬಂದಿದ್ದರು. ಅವರದು ರೇಷ್ಮೆ. ಚೀಲ ನೋಡಿದವರೇ, "ಇದು ಸುಣ್ಣಕಟ್ಟು ರೋಗದ ಬೂಷ್ಟು ಏನೋ? ನಮ್ಮ ಹುಳದ ಮನಿ ಕಡೆ ತರಬ್ಯಾಡಪಾ" ಎಂದರು. ರೇಷ್ಮೆ ಹುಳುವಿಗೆ ಸುಣ್ಣಕಟ್ಟು ತರುವುದು ಬ್ಯೂವೇರಿಯಾ ಎಂಬ ಬೇರೆ ಬೂಷ್ಟು, ಬಿಳಿ ಬಣ್ಣದ್ದು. 1835ರಲ್ಲಿ ಇಟಲಿಯ ಅಗಸ್ಟೀನೊ ಬಾಸ್ಸಿ ರೇಷ್ಮೆ ಹುಳುವಿನಲ್ಲಿ ಅದನ್ನೇ ಪತ್ತೆ ಮಾಡಿದ್ದು. ಆದರೆ ಕಾಕಾ ಹೆದರಿದ್ದು ಸರಿ. ನನ್ನ ಹಸಿರು ಬೂಷ್ಟೂ ರೇಷ್ಮೆ ಹುಳುವನ್ನು ಬಿಡುವುದಿಲ್ಲ. ಅವರ ಊರಿಗೆ ಹೋಗುವಾಗ ಈ ಕೋಣೆಯಲ್ಲಿ ಹಾಕಿದ ಬಟ್ಟೆ ಹಾಕುವುದಿಲ್ಲ ಎಂದು ಮಾತು ಕೊಟ್ಟೆ.

ಜುಲೈ 8
ನಮ್ಮ ಓಣಿಗೆ ನೀರು ದಿನಾ ಬರುವುದಿಲ್ಲ. ಮನೆಮನೆಗೂ ಡ್ರಮ್ಮು, ಡ್ರಮ್ಮಿನಲ್ಲಿ ಸೊಳ್ಳೆ ಮರಿ. ನಮ್ಮ ಡ್ರಮ್ಮಿನಿಂದಲೇ ಕೋಶದ ಹಂತದ ಮರಿಗಳನ್ನು ಸೋಸಿ ತಂದು, ಬಲೆ ಕಟ್ಟಿದ ಡಬ್ಬಿಯಲ್ಲಿ ಸೊಳ್ಳೆ ಮಾಡಿಕೊಂಡೆ. ಕಾಲಿಗೆ ಬಿಳಿ ಪಟ್ಟೆ ಇರುವ ಈಡಿಸ್, ಡೆಂಗಿ ಹರಡುವ ಜಾತಿ. ಎರಡು ಡಬ್ಬಿ, ಒಂದೊಂದರಲ್ಲಿ 20. ಒಂದಕ್ಕೆ ಆ ಹಸಿರು ಬೂಷ್ಟಿನ ಬೀಜಕಣ (ಬೂಷ್ಟು ಹರಡುವ ಸಣ್ಣ ಪುಡಿ) ಕಲಸಿದ ಎಣ್ಣೆ ಸವರಿದ ಕಪ್ಪು ಬಟ್ಟೆ, ಇನ್ನೊಂದಕ್ಕೆ ಬರೀ ಎಣ್ಣೆಯದು. ಈ ಬೀಜಕಣ ನೀರಿಗೆ ಒಗ್ಗುವುದಿಲ್ಲ, ಎಣ್ಣೆಯಲ್ಲಿ ಚೆನ್ನಾಗಿ ಬೆರೆಯುತ್ತದೆ. ಕಲಸುವಾಗ ಮಾಸ್ಕ್ ಹಾಕಿಕೊಂಡಿದ್ದೆ. ಆ ಪುಡಿ ಉಸಿರಿಗೆ ಹೋಗಬಾರದು.

ಜುಲೈ 11
ಒಂದೂ ಸತ್ತಿಲ್ಲ. ಅವ್ವ ದಿನಾ ಕೇಳುತ್ತಾಳೆ.

ಜುಲೈ 17
ಬೂಷ್ಟಿನ ಡಬ್ಬಿಯಲ್ಲಿ 15 ಸತ್ತಿವೆ, ಬರೀ ಎಣ್ಣೆಯದರಲ್ಲಿ 4.

ಒಂಬತ್ತು ದಿನ ನಿಧಾನ ಅನಿಸುತ್ತದೆ, ಅಲ್ವಾ? ಆದರೆ ಡೆಂಗಿ ರೋಗಿಯ ರಕ್ತ ಕುಡಿದ ಸೊಳ್ಳೆ ಮರುದಿನವೇ ರೋಗ ಹರಡಲಾರದು. ವೈರಸ್ ಅದರ ಎಂಜಲಿಗೆ ಬರಲು ಸುಮಾರು 8ರಿಂದ 12 ದಿನ ಬೇಕು. ಅಪಾಯ ಇರುವುದು ವಯಸ್ಸಾದ ಸೊಳ್ಳೆಯಿಂದ. ಬೀಜಕಣ ಮೈಗೆ ಅಂಟಿ, ಚರ್ಮ ಕೊರೆದು ಒಳಗೆ ಹೋಗಿ, ಸೊಳ್ಳೆ ಮುದಿಯಾಗುವ ಮೊದಲೇ ಕೊಂದರೆ ಸಾಕು. ಬೀಜಕಣ ಬೇಗ ಅಂಟಬೇಕು, ಅಷ್ಟೇ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಟಾಂಜಾನಿಯಾದ ಹಳ್ಳಿ ಮನೆಗಳಲ್ಲಿ ಇದೇ ಬೂಷ್ಟು ಸವರಿದ ಹತ್ತಿ ಬಟ್ಟೆ ತೂಗುಹಾಕಿ ಮಲೇರಿಯಾ ಸೊಳ್ಳೆಯ ಮೇಲೆ ನೋಡಿದ್ದರು. ನನ್ನ ಕಪ್ಪು ಬಟ್ಟೆಗೆ ಅದೇ ದಾರಿ ತೋರಿಸಿದ್ದು.

ಜುಲೈ 21
ಸತ್ತವನ್ನು ಒದ್ದೆ ಹತ್ತಿಯ ಮೇಲೆ ಇಟ್ಟಿದ್ದೆ. ಇವತ್ತು 15ರಲ್ಲಿ 11ರ ಮೈಮೇಲೆ ಹಸಿರು ಬಂದಿದೆ. ಬರೀ ಎಣ್ಣೆಯವುಗಳಲ್ಲಿ ಒಂದಕ್ಕೂ ಇಲ್ಲ. ಅವ್ವನನ್ನು ಕರೆದು ಭೂತಕನ್ನಡಿಯಲ್ಲಿ ತೋರಿಸಿದೆ. ತುಂಬಾ ಹೊತ್ತು ನೋಡಿದಳು. ಆಮೇಲೆ ಹಿತ್ತಲಿಗೆ ಹೋಗಿ ಎರಡೂ ಡ್ರಮ್ಮು ಬರಿದು ಮಾಡಿ ತಿಕ್ಕಿದಳು.

ಮುಂದಿನ ವಾರ ಅದೇ ಹಳೇ ಬಟ್ಟೆಗೆ ಹೊಸ ಸೊಳ್ಳೆ. ಬೀಜಕಣ ಎಷ್ಟು ದಿನ ಜೀವಂತ ಇರುತ್ತದೆ ಎಂದು ನೋಡಬೇಕು.