ಹನ್ನೊಂದು ಗಂಟೆ ಆದ್ರೂ ಏಳಲ್ಲ ಅನ್ನುವ ಮನೆಗಳಲ್ಲಿ

ಮಾನಸಿಕ ಕಾಯಿಲೆ ಇರುವವರನ್ನು ಅವರ ಮನೆಯಲ್ಲೇ ಕಂಡು, ಜೊತೆಗಿರುವುದು ನನ್ನ ಕೆಲಸ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದ ಮೇಲೆ ಶುರುವಾಗುವ ಕೆಲಸ ಇದು. ಬೆಂಗಳೂರಿನ ಯಾವ ಮೂಲೆಗೆ ಹೋದರೂ ಒಂದೇ ದೂರು ಕೇಳುತ್ತೇನೆ: "ನೋಡಿ ಮೇಡಂ, ಹನ್ನೊಂದು ಗಂಟೆ ಆದ್ರೂ ಏಳಲ್ಲ. ಬರೀ ಮೈಗಳ್ಳತನ."

ಮೈಗಳ್ಳತನ ಅಲ್ಲ. ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆಯಲ್ಲಿ ಯಾರೂ ಇಲ್ಲದಿದ್ದರೂ ದನಿ ಕೇಳುವುದು, ಎಲ್ಲರ ಮೇಲೂ ಅನುಮಾನ ಬರುವುದು ಸಾಮಾನ್ಯವಾಗಿ ಮಾತ್ರೆಗೆ ಬಗ್ಗುತ್ತವೆ. ಆದರೆ ಉತ್ಸಾಹ ಇಂಗುವುದು, ಮಾತು ಕಮ್ಮಿಯಾಗುವುದು, ಸ್ನಾನವೂ ಬೇಡ ಅನ್ನಿಸುವುದು ಕೂಡ ಅದೇ ಕಾಯಿಲೆಯ ಲಕ್ಷಣ. ಇವು ಅಷ್ಟು ಸುಲಭವಾಗಿ ಬಗ್ಗಲ್ಲ. ಇನ್ನು ಈ ಕಾಯಿಲೆಗೆ ಕೊಡುವ ಓಲಾಂಜಪಿನ್, ಕ್ಲೋಜಪಿನ್ ಥರದ ಮಾತ್ರೆಗಳೇ ಮಂಪರು ತರುತ್ತವೆ. ಅದಕ್ಕೇ ನಾನು ಮೊದಲು ಕೇಳುವುದು, ರಾತ್ರಿ ಮಾತ್ರೆ ಎಷ್ಟು ಗಂಟೆಗೆ ಅಂತ. ಎಷ್ಟೋ ಮನೆಯಲ್ಲಿ ಸೀರಿಯಲ್ ಎಲ್ಲ ಮುಗಿದು, ಮಲಗೋ ಹೊತ್ತಿಗೆ ಕೊಡುತ್ತಾರೆ. ಡಾಕ್ಟರಿಗೆ ಹೇಳಿ ಸ್ವಲ್ಪ ಮುಂಚೆಯೇ ಕೊಡುವ ಹಾಗೆ ಮಾಡಿದರೆ ಕೆಲವರಿಗೆ ಬೆಳಿಗ್ಗೆ ಹಗುರವಾಗುತ್ತದೆ. ನಾವೇ ಸುಮ್ನೆ ಬದಲಾಯಿಸುವ ಹಾಗಿಲ್ಲ, ನಿಲ್ಲಿಸುವ ಹಾಗಂತೂ ಇಲ್ಲವೇ ಇಲ್ಲ.

ನಾನು ನೋಡಿಕೊಳ್ಳುವ ಒಬ್ಬರು ಮೊದಲು ಪೀಣ್ಯದಲ್ಲಿ ಲೇತ್ ಆಪರೇಟರ್ ಆಗಿದ್ದರು. ತಾಯಿ ಹೂ ಕಟ್ಟಿ ಮಾರುತ್ತಾರೆ. ಮನೆಯಲ್ಲಿ ಮಗನ ಜೊತೆ ಆಡುವ ಮಾತು ಅಂದರೆ "ಮಾತ್ರೆ ನುಂಗಿದ್ಯಾ?" ಅಷ್ಟೆ. ಎಲ್ಲರೂ ಮತ್ತೆ ಫ್ಯಾಕ್ಟರಿಗೆ ಕಳಿಸುವ ಯೋಚನೆಯಲ್ಲಿದ್ದರು. ನಿಮಗೇನು ಬೇಕು ಅಂತ ಅವರನ್ನೇ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು, "ಟೀ ಅಂಗಡಿಗೆ ಒಬ್ನೇ ಹೋಗ್ಬೇಕು" ಅಂದರು.

ಅಲ್ಲಿಂದಲೇ ಶುರು ಮಾಡಿದೆವು. ಅಂಗಡಿಯಲ್ಲಿ ಜನ ಕಮ್ಮಿ ಇರುವ ಮಧ್ಯಾಹ್ನದ ಹೊತ್ತು ಆರಿಸಿಕೊಂಡದ್ದು ಅವರೇ. ಶುರುವಿನಲ್ಲಿ ಅಪ್ಪ ರಸ್ತೆಯ ಆಚೆ ಬದಿ ನಿಲ್ಲುತ್ತಿದ್ದರು. ಆಮೇಲೆ ಗೇಟಿನ ತನಕ. ಆಮೇಲೆ ಅದೂ ಬೇಡವಾಯಿತು. ಈಗ ಸಂಜೆ ಅಮ್ಮ ಕಟ್ಟಿದ ಹೂವನ್ನು ವಾಡಿಕೆ ಮನೆಗಳಿಗೆ ಕೊಟ್ಟು, ದುಡ್ಡು ಇಸ್ಕೊಂಡು ಬರುತ್ತಾರೆ. ಚಿಲ್ಲರೆ ಲೆಕ್ಕ ತಪ್ಪಲ್ಲ. ದನಿಗಳು ಪೂರ್ತಿ ಹೋಗಿಲ್ಲ. ಜೋರಾದ ದಿನ ತಾವೇ ಹೇಳುತ್ತಾರೆ, ಅವತ್ತು ಹೂವಿಗೆ ಅಮ್ಮ ಹೋಗುತ್ತಾರೆ. ನನ್ನ ಲೆಕ್ಕದಲ್ಲಿ ಇದು ಚೇತರಿಕೆಯೇ. ಕಾಯಿಲೆ ಪೂರ್ತಿ ಮಾಯವಾಗಲಿ, ಆಮೇಲೆ ಬದುಕೋಣ ಅಂತ ಕೂತರೆ ವರ್ಷಗಳೇ ಕೈಬಿಟ್ಟು ಹೋಗುತ್ತವೆ ಅಲ್ವಾ?

ಬೈಗುಳ ಜಾಸ್ತಿ ಇರುವ ಮನೆಯಲ್ಲಿ ಕಾಯಿಲೆ ಮರುಕಳಿಸುವುದೂ ಜಾಸ್ತಿ. ಇದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿರುವ ವಿಷಯ. ಹಾಗಂತ ಮನೆಯವರನ್ನು ದೂರಲು ನನಗೆ ಮನಸ್ಸಾಗಲ್ಲ. ಅವರೂ ದಣಿದಿರುತ್ತಾರೆ. ಅವರನ್ನು ಕೂರಿಸಿ, ಊಟ ಆಯ್ತಾ, ನಿದ್ದೆ ಬರುತ್ತಾ ಅಂತ ಕೇಳುವವರೂ ಬೇಕು.

ಕಾಗದ ಪತ್ರದ ಕೆಲಸವೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಅಂಗವೈಕಲ್ಯ 40 ಶೇಕಡಾ ಅಥವಾ ಅದಕ್ಕಿಂತ ಜಾಸ್ತಿ ಅಂತ ಪ್ರಮಾಣಪತ್ರ ಸಿಕ್ಕರೆ ಸವಲತ್ತುಗಳಿಗೆ ದಾರಿಯಾಗುತ್ತದೆ. ಅಳೆಯುವಾಗ ನೋಡುವುದು ನಾಲ್ಕು ವಿಷಯ: ತನ್ನ ಆರೈಕೆ, ಜನರ ಜೊತೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ. ಕಾಯಿಲೆ ಎಷ್ಟು ವರ್ಷದ್ದು ಅನ್ನುವುದನ್ನೂ ಸೇರಿಸುತ್ತಾರೆ. ಅಳೆಯುವ ದಿನ ಇಸ್ತ್ರಿ ಶರ್ಟ್ ಹಾಕಿಸಿ, "ಎಲ್ಲಾ ಚೆನ್ನಾಗಿದೆ ಸಾರ್" ಅಂದುಬಿಡುವ ಮನೆಯವರು ತುಂಬಾ. ಕೆಟ್ಟ ದಿನಗಳು ಹೇಗಿರುತ್ತವೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಅಂಗವಿಕಲರ ಕಾರ್ಡು ಮಾಡಿಸಿದರೆ ಮದುವೆಗೆ ಅಡ್ಡಿ ಅನ್ನುವ ಅಳುಕು ನನಗೆ ಗೊತ್ತು. ಬೇಕೋ ಬೇಡವೋ ಅಂತ ಆ ವ್ಯಕ್ತಿಯನ್ನೇ ಕೇಳಿ.

ಮನೆಯವರು ಕೈಚೆಲ್ಲಿದರು ಅನ್ನುವ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಇಡುವಂತಿಲ್ಲ ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯ 19ನೇ ಸೆಕ್ಷನ್ ಹೇಳುತ್ತದೆ. ಎಲ್ಲರ ನಡುವೆ ಬದುಕುವುದು ಅವರ ಹಕ್ಕು. ರಾತ್ರಿ ಹೊತ್ತು ಕೈಕಾಲು ಆಡದಂತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯವರೂ ಮಾಡಬಹುದು.