“ಫುಲ್ಲಾ? ಚಲೋ ಆತು ಬಿಡವ್ವಾ”

ಕಳೆದ ಶನಿವಾರ ರಾತ್ರಿ ಒಂಬತ್ತು ಗಂಟೆ ಹೊತ್ತಿಗೆ ದಾವಣಗೆರೆಯವರು ಕಾಸರಗೋಡಿನ ನಮ್ಮ ಲಾಡ್ಜಿನ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಅದೇ ನೀಲಿ ಬ್ಯಾಗು. ಜಿಪ್ಪು ಹಾಳಾದ ಕಡೆ ದಾರ ಸುತ್ತಿ ಕಟ್ಟಿದ್ದು. ನಾನು ಕೌಂಟರಿನಲ್ಲಿ ಬೆಂಗಳೂರಿನ ಒಂದು ಫ್ಯಾಮಿಲಿಯ ಆಧಾರ್ ಕಾರ್ಡು ಜೆರಾಕ್ಸ್ ಮಾಡ್ತಾ ಇದ್ದೆ. ತಲೆ ಎತ್ತಿ ನೋಡಿದವಳಿಗೆ ಎದೆ ಧಸಕ್ ಅಂತು. ಅವರಿಗೆ ಕೊಡಲಿಕ್ಕೆ ಒಂದು ರೂಮೂ ಇರಲಿಲ್ಲ.

“ರೂಮಿಲ್ಲ ಅಣ್ಣ, ಇವತ್ತು ಫುಲ್” ಅಂದೆ.

ಅವರು ನನ್ನ ಹಿಂದಿನ ಬೋರ್ಡು ನೋಡಿದರು. ನಮ್ಮಲ್ಲಿರುವುದು 14 ರೂಮು, ಬೋರ್ಡಿನಲ್ಲಿ 14 ಕೊಕ್ಕೆ. ಒಂದು ಕೊಕ್ಕೆಯಲ್ಲೂ ಕೀ ಇರಲಿಲ್ಲ. ಈಗ ಬೇಜಾರು ಮಾಡ್ಕೊಳ್ತಾರೆ, ಏನಾದರೂ ಹೇಳ್ತಾರೆ ಅಂತ ನಾನು ಕಾಯ್ತಾ ಇದ್ದೆ. ಅವರ ಮುಖ ಅರಳಿತು. ನಿಜವಾಗಿಯೂ ಅರಳಿತು.

“ಫುಲ್ಲಾ? ಎಲ್ಲಾ ಫುಲ್ಲಾ? ಚಲೋ ಆತು ಬಿಡವ್ವಾ” ಅಂದರು.

ಆ ಮಾತು ಈ ವಾರವಿಡೀ ನನ್ನ ಕಿವಿಯಲ್ಲೇ ಇದೆ. ಬೆಡ್‌ಶೀಟ್ ಮಡಚುವಾಗ ಕೇಳ್ತದೆ, ರಾತ್ರಿ ಶಟರ್ ಎಳೆಯುವಾಗ ಕೇಳ್ತದೆ. ಬೈದಿದ್ದರೆ ಇಷ್ಟು ಕಾಡುತ್ತಿರಲಿಲ್ಲ.

ದಾವಣಗೆರೆಯವರು ಅಂದರೆ ಲೈನಿಗೆ ಬರುವವರು. ಟವೆಲು, ಬೆಡ್‌ಶೀಟು, ಲಂಗದ ಬಟ್ಟೆ ಅವರ ವ್ಯಾಪಾರ. ಕಣ್ಣೂರು, ಪಯ್ಯನ್ನೂರು, ಕಾಞಂಗಾಡು ಮುಗಿಸಿ ಕಾಸರಗೋಡಿಗೆ ಬರುತ್ತಾರೆ. ಅಂಗಡಿ ಅಂಗಡಿ ಹತ್ತಿ ಆರ್ಡರ್ ಬರೆದುಕೊಂಡು, ಹಳೆ ಬಾಕಿ ವಸೂಲು ಮಾಡಿಕೊಂಡು, ಎರಡು ರಾತ್ರಿ ನಮ್ಮಲ್ಲಿ ಉಳಿದು ಹೋಗುತ್ತಾರೆ. ನನಗೆ ಮದುವೆಯಾಗುವ ಮೊದಲಿನಿಂದಲೂ ಬರುತ್ತಿದ್ದಾರೆ. ಅವರದ್ದು ಒಂಬತ್ತನೇ ನಂಬರು. ರಸ್ತೆಯ ಕಡೆಗಿಲ್ಲ, ಗಲಾಟೆ ಕಮ್ಮಿ. ಸಾಮಾನ್ಯವಾಗಿ ಸೋಮವಾರ ಬರುವವರು. ಈ ಸಲ ಕ್ರಿಸ್ಮಸ್ ವ್ಯಾಪಾರ ಅಂತ ಅಂಗಡಿಗಳು ಭಾನುವಾರವೂ ತೆರೆದಿದ್ದವು, ಅದಕ್ಕೇ ಶನಿವಾರ ಬಂದಿದ್ದರು. ನಮ್ಮಲ್ಲಿ ಈಗ ಶನಿವಾರ ಅಂದರೆ ಏನು ಅಂತ ಅವರಿಗೆ ಗೊತ್ತಿರಲಿಲ್ಲ.

ನಮಗೇ ಗೊತ್ತಿರಲಿಲ್ಲ ಅನ್ನಬೇಕು. 2020ರಲ್ಲಿ ಯಾರಾದರೂ ಬಂದು, ಐದು ವರ್ಷ ಬಿಟ್ಟು ಶನಿವಾರ ನಿಮ್ಮಲ್ಲಿ ರೂಮು ಸಿಗುವುದಿಲ್ಲ ಅಂದಿದ್ದರೆ ಅಪ್ಪ ಅವರನ್ನು ಸುಮ್ನೆ ನೋಡುತ್ತಿದ್ದರು, ಅಷ್ಟೇ.

ಆ ವರ್ಷದ ರಿಜಿಸ್ಟರ್ ಇನ್ನೂ ಇದೆ. ಈ ವಾರ ತೆಗೆದು ನೋಡಿದೆ. ಮಾರ್ಚ್ 22, ಜನತಾ ಕರ್ಫ್ಯೂ ದಿನ, ಅಪ್ಪ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದಿದ್ದಾರೆ. ಅದರ ಕೆಳಗೆ ಪೂರಾ ಖಾಲಿ. ನಮ್ಮ ಜಿಲ್ಲೆ ಆಗ ಕೊರೊನಾದಿಂದ ದೇಶದಲ್ಲೇ ಹೆಸರು ಮಾಡಿತ್ತು, ಬೇಡದ ಹೆಸರು. ಕಾಸರಗೋಡು ಅಂದರೆ ಜನ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ತಲಪಾಡಿಯಲ್ಲಿ ಗಡಿ ಮುಚ್ಚಿತು. ಒಳದಾರಿಗಳಿಗೆ ಲಾರಿಯಲ್ಲಿ ಮಣ್ಣು ತಂದು ಸುರಿದರು. ಹೆರಿಗೆಗೆ, ಡಯಾಲಿಸಿಸ್‌ಗೆ, ಎದೆನೋವಿಗೆ ಮಂಗಳೂರನ್ನೇ ನಂಬಿದ್ದವರು ನಾವು. ಆಂಬುಲೆನ್ಸ್ ಗಡಿಯಲ್ಲೇ ನಿಂತು, ಆಸ್ಪತ್ರೆ ತಲುಪದೆ ಹಲವರು ತೀರಿಕೊಂಡರು. ಕೇಸು ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕನ್ನಡ ಮಾತಾಡುವ ನಮಗೆ ಆ ಮಣ್ಣಿನ ರಾಶಿ ಕೊಟ್ಟ ನೋವು ಬೇರೆಯೇ. ಅದನ್ನು ಇಲ್ಲಿ ಪೂರ್ತಿ ಬರೆಯಲಿಕ್ಕೆ ಹೋಗುವುದಿಲ್ಲ.

ಖಾಲಿ ಲಾಡ್ಜು ನೋಡಿಕೊಳ್ಳುವುದು ತುಂಬಿದ ಲಾಡ್ಜಿಗಿಂತ ಕಷ್ಟ. ಮಳೆಗಾಲ ಬಂತು. ಮುಚ್ಚಿಟ್ಟ ರೂಮಿನಲ್ಲಿ ಹಾಸಿಗೆ ಬೂಸ್ಟು ಹಿಡಿಯುತ್ತದೆ, ಗೋಡೆ ಬೆವರುತ್ತದೆ, ನಲ್ಲಿ ತುಕ್ಕು ಹಿಡಿದು ತಿರುಗುವುದೇ ಇಲ್ಲ. ಪ್ರತಿ ಸೋಮವಾರ ನಾನೂ ಅಪ್ಪನೂ ಮಾಸ್ಕ್ ಹಾಕಿಕೊಂಡು ಬಂದು, 14 ರೂಮಿನ ಬಾಗಿಲೂ ತೆಗೆದು, ಫ್ಯಾನ್ ಹಾಕಿ, ನಲ್ಲಿ ಬಿಟ್ಟು, ಅರ್ಧ ಗಂಟೆ ಕೂತು, ಮತ್ತೆ ಎಲ್ಲಾ ಬೀಗ ಹಾಕಿ ಹೋಗುತ್ತಿದ್ದೆವು. ಯಾರೂ ಇಲ್ಲದ ಮಾಳಿಗೆಯಲ್ಲಿ 14 ನಲ್ಲಿ ಒಟ್ಟಿಗೆ ಸುರಿಯುವ ಸದ್ದು. ಅಪ್ಪ ಆಗ ಏನೂ ಮಾತಾಡುತ್ತಿರಲಿಲ್ಲ. ಕರೆಂಟ್ ಬಿಲ್ಲು, ಬಿಲ್ಡಿಂಗ್ ಟ್ಯಾಕ್ಸು, ಬ್ಯಾಂಕಿನ ಕಂತು ಯಾವುದೂ ನಿಲ್ಲಲಿಲ್ಲ. ನಿನ್ನೆ ಮಾರದ ಅಕ್ಕಿಯನ್ನು ಇವತ್ತು ಮಾರಬಹುದು. ನಿನ್ನೆ ರಾತ್ರಿ ಖಾಲಿ ಹೋದ ರೂಮನ್ನು ಯಾರಿಗೆ ಮಾರುವುದು?

ರಿಜಿಸ್ಟರಿನಲ್ಲಿ ಅಕ್ಟೋಬರಿನಲ್ಲಿ ಒಂದು ಹೆಸರಿದೆ. ಎಲ್ಲಿಂದ: ದಾವಣಗೆರೆ. ಉದ್ದೇಶ: ವ್ಯಾಪಾರ. ನವೆಂಬರಿನಲ್ಲಿ ಮತ್ತೆ ಅದೇ ಕೈಬರಹ. ಆಗ ಕೇರಳಕ್ಕೆ ಬರಬೇಕಾದರೆ ಜಾಗ್ರತಾ ಪೋರ್ಟಲಿನಲ್ಲಿ ಹೆಸರು ಹಾಕಿಸಬೇಕಿತ್ತು. ಅವರ ಹತ್ತಿರ ಇರುವುದು ಬಟನ್ ಫೋನು, ಯಾರದ್ದೋ ಕೈಕಾಲು ಹಿಡಿದು ಮಾಡಿಸಿಕೊಂಡು ಬಂದಿದ್ದರು. 2021ರ ಫೆಬ್ರವರಿಯಲ್ಲಿ ಮತ್ತೆ ಗಡಿಯಲ್ಲಿ ಆರ್‌ಟಿ-ಪಿಸಿಆರ್ ನೆಗೆಟಿವ್ ರಿಪೋರ್ಟು ಬೇಕು ಅಂತಾಯಿತು. ವಾಪಸ್ ಊರಿಗೆ ಹೋಗಲಿಕ್ಕೇ ರಿಪೋರ್ಟು. ಅದಕ್ಕಾಗಿ ಕಾದು ಒಂದು ರಾತ್ರಿ ಹೆಚ್ಚು ಉಳಿದರು, ಅದಕ್ಕೂ ದುಡ್ಡು ಕೊಟ್ಟರು. ಬೇಡ ಅಂದರೆ ಕೇಳಲಿಲ್ಲ.

ನವೆಂಬರಿನಲ್ಲಿ ಅವರು ಬಂದಾಗ ನಮ್ಮ ಬೆಡ್‌ಶೀಟುಗಳು ಅರ್ಧಕ್ಕರ್ಧ ಹಾಳಾಗಿದ್ದವು. ಒಂಬತ್ತನೇ ನಂಬರಿಗೆ ಹಾಕಿದ ಶೀಟಿನಲ್ಲೂ ಕಪ್ಪು ಚುಕ್ಕಿ. ನೋಡಿದರು, ಏನೂ ಅನ್ನಲಿಲ್ಲ. ಮುಂದಿನ ತಿಂಗಳು ಒಂದು ಬಂಡಲು ಲಾರಿಯಲ್ಲಿ ಬಂತು. 28 ಬೆಡ್‌ಶೀಟು, 28 ದಿಂಬಿನ ಕವರು. ಅಪ್ಪ ಫೋನ್ ಮಾಡಿ, ಇಷ್ಟು ದುಡ್ಡು ಈಗ ನನ್ನಿಂದಾಗುವುದಿಲ್ಲ ಅಂದರು. “ರೂಮ್ ತುಂಬಿದ ಮ್ಯಾಲೆ ಕೊಡ್ರಿ, ಅವಸರ ಇಲ್ಲ” ಅಂದರಂತೆ. ಎರಡು ವರ್ಷದ ಮೇಲೆ, ಕಂತು ಕಂತಾಗಿ ತೀರಿಸಿದೆವು. ಒಂದು ಸಲವೂ ಕೇಳಿರಲಿಲ್ಲ.

ಈಗ ಗೊತ್ತಾಯ್ತಲ್ವಾ, ಅವರ ಮುಖ ಯಾಕೆ ಅರಳಿತು ಅಂತ.

ಶನಿವಾರಕ್ಕೆ ವಾಪಸ್ ಬರುತ್ತೇನೆ. ಬೋರ್ಡಿನಲ್ಲಿದ್ದ 14 ಕೀಗಳಲ್ಲಿ 11 ಬುಕಿಂಗ್ ಆ್ಯಪಿನಲ್ಲಿ ಹೋಗಿದ್ದವು. ಬೇಕಲ ಕೋಟೆ ನೋಡುವವರು, ರಾಣಿಪುರಂ ಗುಡ್ಡ ಹತ್ತುವವರು, ಮಧೂರು, ಅನಂತಪುರ ದೇವಸ್ಥಾನಕ್ಕೆ ಬಂದವರು. 2023ರ ಏಪ್ರಿಲಿನಲ್ಲಿ ಕಾಸರಗೋಡಿಗೆ ವಂದೇ ಭಾರತ್ ಬಂದ ಮೇಲೆ ತೆಂಕಣ ಕಡೆಯ ಜನವೂ ಜಾಸ್ತಿ. ಹೈವೇ ಅಗಲವಾದ ಮೇಲೆ ಮಂಗಳೂರಿನವರಿಗೆ ಬೇಕಲ ಅಂದರೆ ಸಂಜೆಯ ಸುತ್ತಾಟ. ಇವರನ್ನೆಲ್ಲ ದೂರುವ ಮನಸ್ಸು ನನಗಿಲ್ಲ. ಆ ಬೆಂಗಳೂರಿನ ಫ್ಯಾಮಿಲಿ ಎಷ್ಟು ಒಳ್ಳೆಯವರು ಅಂದರೆ, ಬಿಸಿನೀರು ಅರ್ಧ ಗಂಟೆ ತಡವಾದರೂ ಒಂದು ಮಾತು ಆಡಲಿಲ್ಲ. ಅವರ ಚಿಕ್ಕ ಹುಡುಗಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಬಂದು ನನಗೆ ಕೋಟೆಯ ಫೋಟೋ ತೋರಿಸಿದಳು. ಶಿವಪ್ಪ ನಾಯಕ ಕಟ್ಟಿಸಿದ್ದು ಅಂತ ಅವಳೇ ನನಗೆ ಪಾಠ ಮಾಡಿದಳು.

ಆದರೆ ಲೆಕ್ಕ ನೋಡುವಾಗ ಒಂದು ವಿಷಯ ಚುಚ್ಚುತ್ತದೆ. ಕೇರಳಕ್ಕೆ 2019ರಲ್ಲಿ ದೇಶದೊಳಗಿನ ಪ್ರವಾಸಿಗರು 1.83 ಕೋಟಿ ಬಂದಿದ್ದರು. 2020ರಲ್ಲಿ ಅದು 50 ಲಕ್ಷಕ್ಕೆ ಬಿತ್ತು. 2022ರಲ್ಲಿ 1.88 ಕೋಟಿ, 2023ರಲ್ಲಿ 2.18 ಕೋಟಿ. ಹಳೆಯದನ್ನೂ ಮೀರಿತು. ಪೇಪರಿನವರು ರಿವೆಂಜ್ ಟ್ರಾವೆಲ್ ಅಂತ ಬರೆದರು, ಮನೆಯೊಳಗೆ ಕೂತ ದಿನಗಳ ಸೇಡು ತೀರಿಸಿಕೊಳ್ಳುವ ತಿರುಗಾಟ ಅಂತ. ವಿದೇಶದವರು ಮಾತ್ರ ಅಷ್ಟು ಬೇಗ ಬರಲಿಲ್ಲ. 2019ರಲ್ಲಿ 11.89 ಲಕ್ಷ ಇದ್ದವರು 2023ರಲ್ಲೂ 6.49 ಲಕ್ಷ. ಎರಡು ವರ್ಷ ವಿದೇಶದಿಂದ ಮಾಮೂಲಿ ವಿಮಾನವೇ ಇರಲಿಲ್ಲವಲ್ಲ, 2022ರ ಮಾರ್ಚ್ 27ಕ್ಕೆ ತಾನೇ ಮತ್ತೆ ಶುರುವಾದದ್ದು. ಈ ಅಂಕಿಯೆಲ್ಲ ಸರಿ. ದಾವಣಗೆರೆಯವರಂಥವರು ಯಾವ ಅಂಕಿಯಲ್ಲಿ ಬರುತ್ತಾರೆ?

ನಮ್ಮ ಲಾಡ್ಜಿನಲ್ಲಿ ಮೊದಲು ವಾರದ ಐದು ದಿನವೂ ಲೈನಿನವರೇ. ಮೆಡಿಕಲ್ ರೆಪ್‌ಗಳು, ಬಟ್ಟೆಯವರು, ಪಾತ್ರೆಯವರು, ಪುಸ್ತಕದವರು. ಮತ್ತೆ ಕೋರ್ಟ್ ಕೇಸಿಗೆ ಬಂದವರು, ಪೆರಿಯದ ಯೂನಿವರ್ಸಿಟಿಗೆ ಮಕ್ಕಳನ್ನು ಸೇರಿಸಲಿಕ್ಕೆ ಬಂದವರು. ಲೈನಿನವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ವಾಪಸ್ ಬರಲೇ ಇಲ್ಲ. ಕೆಲವರು ಆ ಎರಡು ವರ್ಷದಲ್ಲಿ ಕೆಲಸ ಕಳೆದುಕೊಂಡರು. ಉಳಿದವರ ಕಂಪನಿಗಳು, ವಾಟ್ಸಾಪಿನಲ್ಲಿ ಆರ್ಡರ್ ಬರುವಾಗ ಬಸ್ ಚಾರ್ಜು, ರೂಮು ಬಾಡಿಗೆ ಯಾಕೆ ಅಂತ ಲೆಕ್ಕ ಹಾಕಿದವು. ಹಾಗಾಗಿ ನಮಗೆ ಶನಿವಾರ ಕೊಕ್ಕೆ ಖಾಲಿ, ಮಂಗಳವಾರ ಕೊಕ್ಕೆ ತುಂಬ ಕೀ. ವಾರದ ಎರಡು ರಾತ್ರಿಯಲ್ಲಿ ಐದು ರಾತ್ರಿಯ ನಷ್ಟ ತುಂಬಿಸಬೇಕು, ಅದಕ್ಕೇ ಶನಿವಾರದ ರೇಟು 1,900ಕ್ಕೆ ಹೋಗಿದೆ. ದಾವಣಗೆರೆಯವರಿಗೆ ನಾವು ಹಾಕುವುದು 850. ಅಷ್ಟು ಕಮ್ಮಿ ರೂಮಿಗೆ 2022ರ ಜುಲೈವರೆಗೆ ಜಿಎಸ್‌ಟಿಯೇ ಇರಲಿಲ್ಲ, ಸಾವಿರದೊಳಗೆ ಇದ್ದರೆ ಮಾಫಿ. ಆಮೇಲೆ ಶೇಕಡಾ 12 ಬಂತು. ಕಷ್ಟದಿಂದ ಆಗ ತಾನೇ ಏಳುತ್ತಿದ್ದ ಹೊತ್ತಿಗೆ ಬಂದದ್ದು ಅದು, ಬಿದ್ದದ್ದು ಬ್ಯಾಗು ಹೊತ್ತು ತಿರುಗುವವರ ಮೇಲೆ. 2025ರ ಸೆಪ್ಟೆಂಬರಿನಲ್ಲಿ 5ಕ್ಕೆ ಇಳಿಸಿದರು. ಒಳ್ಳೆಯದಾಯಿತು, ಆದರೆ ಆ ಮೂರು ವರ್ಷ ಅವರು ಕೊಟ್ಟದ್ದು ಕೊಟ್ಟದ್ದೇ.

ಆ್ಯಪು ನೋಡಿಕೊಳ್ಳುವುದು ನನ್ನ ದೊಡ್ಡಪ್ಪನ ಮಗ ಅಣ್ಣ. ನೂರಕ್ಕೆ 18 ಆ್ಯಪಿನವರಿಗೆ ಕಮಿಷನ್ ಹೋಗುತ್ತದೆ. ಒಂದು ರೂಮೂ ಹಿಡಿದಿಡಬಾರದು, ಎಲ್ಲಾ ಹಾಕಬೇಕು ಅನ್ನುವುದು ಅವನ ನಿಯಮ. ಅವನು ಕೆಟ್ಟವನಲ್ಲ. 2021ರಲ್ಲಿ ತನ್ನ ಹೆಂಡತಿಯ ಬಳೆ ಅಡವಿಟ್ಟು ಬ್ಯಾಂಕಿನ ಕಂತು ಕಟ್ಟಿದವನು ಅವನೇ. ಆದರೆ ಆ ಭಯ ಅವನಿಂದ ಇನ್ನೂ ಹೋಗಿಲ್ಲ. ಖಾಲಿ ರೂಮು ಕಂಡರೆ ಅವನಿಗೆ ಈಗಲೂ ನಿದ್ದೆ ಬರುವುದಿಲ್ಲ. ನಮ್ಮ ಹಳೆ ರೂಮ್‌ಬಾಯ್‌ಗೂ ಅದೇ ಭಯ. ಬಾಯಾರು ಕಡೆಯ ಹುಡುಗ, ಎಂಟು ವರ್ಷ ನಮ್ಮಲ್ಲಿದ್ದವನು. ವಾಪಸ್ ಬಾ ಅಂತ ಎಷ್ಟು ಕರೆದರೂ ಬರಲಿಲ್ಲ. “ಅಕ್ಕಾ, ಲಾಡ್ಜು ಬಾಗಿಲು ಹಾಕ್ತದೆ, ತೋಟ ಬಾಗಿಲು ಹಾಕುದಿಲ್ಲ” ಅಂದ. ಅವನಿಗೆ ಏನು ಹೇಳುವುದು? ಈಗ ಅಡಿಕೆ ತೋಟದಲ್ಲೇ ಇದ್ದಾನೆ.

ದಾವಣಗೆರೆಯವರನ್ನು ಬೆಂಚಿನಲ್ಲಿ ಕೂರಿಸಿ ಹತ್ತಿರದ ನಾಲ್ಕು ಲಾಡ್ಜಿಗೆ ಫೋನ್ ಮಾಡಿದೆ. ಎಲ್ಲಾ ಕಡೆ ಇಲ್ಲ. ಅವರು ಬಾಟಲಿಯಿಂದ ನೀರು ಕುಡಿಯುತ್ತಾ, ಮೇಲಿನ ಮಾಳಿಗೆಯ ಗಲಾಟೆ ಕೇಳುತ್ತಾ ಕೂತಿದ್ದರು. ಮಕ್ಕಳು ಓಡಾಡುವ ಸದ್ದು, ಯಾರೋ ನಗುವುದು, ಬಕೆಟ್ಟಿಗೆ ನೀರು ಬೀಳುವುದು. ಒಂದು ಸಲ ಮೇಲೆ ನೋಡಿ ತಮ್ಮಷ್ಟಕ್ಕೆ ತಲೆ ಆಡಿಸಿದರು. ಆಗ ಮೂರನೇ ನಂಬರಿನವರು ಬಂದು ಎಕ್ಸ್‌ಟ್ರಾ ಬೆಡ್ ಕೇಳಿದರು. ನಾನು ಒಳಗೆ ಹೋಗಿ ಹಾಸಿಗೆ, ಶೀಟು ತೆಗೆದುಕೊಟ್ಟೆ. ದಾವಣಗೆರೆಯವರು ಕಳಿಸಿದ್ದೇ ಶೀಟು, ನೀಲಿ ಗೆರೆಯದ್ದು. ಹೊರಗೆ ಬರುವಷ್ಟರಲ್ಲಿ ಬೆಂಚು ಖಾಲಿ. ಫೋನ್ ಮಾಡಿದರೆ, “ಮಂಗಳೂರು ಬಸ್ ಸಿಕ್ತವ್ವಾ, ಅಲ್ಲೇ ನೋಡ್ಕೊಂತೀನಿ, ನಿನ್ ಕೆಲಸಕ್ಕೆ ತೊಂದ್ರೆ ಯಾಕೆ” ಅಂದರು.

ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪನಿಗೆ ಈಗ ಮೆಟ್ಟಿಲು ಹತ್ತಲಿಕ್ಕಾಗುವುದಿಲ್ಲ, ಲಾಡ್ಜಿಗೆ ಬರುವುದು ಅಪರೂಪ. ಬಟ್ಟಲಿನ ಗಂಜಿ ಹಾಗೇ ಬಿಟ್ಟರು.

“ನಮ್ಮ ಮನೆಯ ಚಾವಡಿ ಇರಲಿಲ್ವಾ?” ಅಂತ ಕೇಳಿದರು.

ಅಷ್ಟೇ ಕೇಳಿದ್ದು. ಲಾಡ್ಜಿನಿಂದ ನಮ್ಮ ಮನೆಗೆ ನಾಲ್ಕು ಕಿಲೋಮೀಟರ್. ಆಟೋದಲ್ಲಿ ಹತ್ತು ನಿಮಿಷ. ಚಾವಡಿಯಲ್ಲಿ ಮಂಚವೂ ಇದೆ. ನನಗೆ ಅದು ಹೊಳೆಯಲೇ ಇಲ್ಲ. ಕೊಕ್ಕೆ ನೋಡಿದೆ, ಕೀ ಇಲ್ಲ, ಹಾಗಾಗಿ ಜಾಗ ಇಲ್ಲ ಅಂದೆ. ಅಪ್ಪ ಕೌಂಟರಿನಲ್ಲಿ ಕೂತಿದ್ದ ಕಾಲದಲ್ಲಿ ಮದುವೆ ಸೀಸನಿನಲ್ಲಿ ಎಷ್ಟು ಜನ ನಮ್ಮ ಚಾವಡಿಯಲ್ಲಿ ಮಲಗಿ ಹೋಗಿದ್ದಾರೆ, ನಾನೇ ಅವರಿಗೆ ಬೆಳಿಗ್ಗೆ ಕಾಫಿ ಕೊಟ್ಟವಳು.

ಮಂಗಳವಾರ ಅವರಿಗೆ ಫೋನ್ ಮಾಡಿದೆ. ಭಾನುವಾರ ಮಂಗಳೂರಿನಿಂದ ಬಸ್ಸಿನಲ್ಲೇ ಬಂದು ಅಂಗಡಿಗಳ ಕೆಲಸ ಮುಗಿಸಿ ಹೋಗಿದ್ದರಂತೆ. ನಮ್ಮಲ್ಲಿಗೆ ಬಂದಿರಲಿಲ್ಲ. ತಪ್ಪಾಯ್ತು ಅಣ್ಣ, ಮನೆಗೇ ಕರ್ಕೊಂಡು ಹೋಗಬೇಕಿತ್ತು ಅಂದೆ. “ಅಯ್ಯೋ, ಅದರಾಗೇನೈತಿ” ಅಂದರು. ಅಪ್ಪನ ಮಂಡಿ ನೋವು ಹೇಗಿದೆ ಅಂತ ಕೇಳಿದರು. ಆಮೇಲೆ ಸ್ವಲ್ಪ ತಡೆದು, ಮೆಲ್ಲಗೆ, “ಇನ್ಮ್ಯಾಲೆ ಮೊಬೈಲ್‌ನಾಗ ಬುಕ್ ಮಾಡ್ಕೊಂಡೇ ಬರ್ಬೇಕೇನವ್ವಾ? ನಂಗದು ಬರಂಗಿಲ್ಲಲ್ಲ” ಅಂದರು.

ಬೇಡ ಅಣ್ಣ, ಸುಮ್ನೆ ಬನ್ನಿ ಅಂದೆ. ಗಂಟಲು ಕಟ್ಟಿತ್ತು.

ಅಣ್ಣನ ಹತ್ತಿರ ನಿನ್ನೆ ಜಗಳ ಆಯಿತು. ಒಂಬತ್ತನೇ ನಂಬರು ಆ್ಯಪಿನಿಂದ ತೆಗಿ ಅಂದೆ. ತಿಂಗಳಿಗೆ ಎಷ್ಟು ನಷ್ಟ ಗೊತ್ತಾ ಅಂತ ಕಾಗದದಲ್ಲಿ ಲೆಕ್ಕ ಬರೆದು ತೋರಿಸಿದ. ನಾನು 2020ರ ರಿಜಿಸ್ಟರ್ ತೆಗೆದು ಅಕ್ಟೋಬರಿನ ಪುಟ ಅವನ ಮುಂದೆ ಇಟ್ಟೆ. ತುಂಬ ಹೊತ್ತು ನೋಡಿದ. ಇನ್ನೂ ಒಪ್ಪಿಲ್ಲ. ರಾತ್ರಿ ಹೋಗುವಾಗ ಮಾತ್ರ ಒಂಬತ್ತನೇ ಕೀ ಕೊಕ್ಕೆಯಿಂದ ತೆಗೆದು ಮೇಜಿನ ಡ್ರಾಯರಿಗೆ ಹಾಕಿ ಹೋದ.